ಗಿಡುಗವೋ ಲಂಗರೋ

ಜನವರಿ ೯

ಮಗಳೇ,

ನಿನ್ನ ಕಾಗದ ಬಂತು. ಮೊದಲ ಪುಟದಲ್ಲಿ ನನ್ನ ಮಂಡಿನೋವು ವಿಚಾರಿಸಿದ್ದೀಯ, ಎರಡನೆಯದರಲ್ಲಿ ಅಮ್ಮನ ಹೊಸ ಕನ್ನಡಕ, ಆಮೇಲೆ ಅಂಗಡಿಯ ಸೋರುವ ಮೂಲೆ. ಆಗಲೇ ಅಂದುಕೊಂಡೆ, ಇವಳು ಇಷ್ಟೊಂದು ಮುಂಗಡ ಕಟ್ಟುತ್ತಿದ್ದಾಳೆಂದರೆ ಕೊನೆಯಲ್ಲಿ ದೊಡ್ಡದೇನನ್ನೋ ಕೇಳುತ್ತಾಳೆ ಎಂದು. ಕೇಳಿಯೇಬಿಟ್ಟೆ: ‘ಅಪ್ಪಾ, ಗಿಡುಗ ಬಿಟ್ಟು ಲಂಗರು ಹಿಡಿಯಲೇ?’

ನಿನ್ನ ಅಮ್ಮ ಪಕ್ಕದಲ್ಲೇ ನಿಂತಿದ್ದಳು. “ಏನಂತೆ?” ಅಂದಳು. “ಚೆನ್ನಾಗಿದ್ದಾಳಂತೆ” ಅಂದೆ. “ಅದಕ್ಯಾಕೆ ನಿಮ್ಮ ಮುಖ ಹೀಗಾಯ್ತು?” ಅಂದಳು.

ಗಿಡುಗದ ಮಾರ್ಕಿನ ಪಿಸ್ತೂಲೆಂದರೆ ನನಗೆ ಏನು ಎಂದು ನಿನಗೆ ಗೊತ್ತು. ಆದರೂ ಹೇಳುತ್ತೇನೆ, ಹೇಳದಿದ್ದರೆ ಊಟ ಸೇರುವುದಿಲ್ಲ. ಬಸ್ ನಿಲ್ದಾಣದ ಎದುರು ಗೋಣಿ ಹಾಸಿಕೊಂಡು ಕೊಡೆ, ಬೀಗ ರಿಪೇರಿ ಮಾಡುತ್ತಿದ್ದವನು ನಾನು. ಶೂಟಿಂಗ್ ಕ್ಲಬ್ಬಿನ ಕಾರ್ಯದರ್ಶಿಯೊಬ್ಬರು ಸೀಳಿದ ಮರದ ಹಿಡಿಯೊಂದನ್ನು ತಂದು “ಇದನ್ನ ಸರಿ ಮಾಡ್ತೀಯೇನಯ್ಯಾ?” ಅಂದರು. ಅದು ಗಿಡುಗದ ಹಿಡಿ. ಆಮೇಲೆ ಏಜೆನ್ಸಿ, ಅಂಗಡಿ, ಮನೆ, ನಿನ್ನ ಸ್ಕೂಲಿನ ಬೂಟು, ಎಲ್ಲವೂ ಆ ಹಕ್ಕಿಯ ರೆಕ್ಕೆಯ ಮೇಲೆ ಕೂತೇ ಬಂದವು.

ಲಂಗರು ಯಾರದು? ನಿನ್ನ ಸೋದರಮಾವನದು. ನನ್ನ ಹತ್ತಿರವೇ ಕೆಲಸ ಕಲಿತು, ನನ್ನ ಪಾಲುದಾರನೂ ಆಗಿ, ಒಂದು ದಿನ ಬಂದು “ಭಾವ, ಲಂಗರಿನವರು ಏಜೆನ್ಸಿ ಕೊಡ್ತಾರಂತೆ, ಎರಡೂ ಇಡೋಣ” ಅಂದ. ಒಂದು ಅಂಗಡಿಗೆ ಒಂದೇ ಮಾರ್ಕು ಎಂದೆ. ಅವನು ಎದುರಿಗೇ ಮಳಿಗೆ ಹಿಡಿದ. ಅಂದಿನಿಂದ ಮಾತಿಲ್ಲ. ವರ್ಷಗಳಿಂದ ಅವನ ಬೋರ್ಡಿನ ನೀಲಿ ದೀಪ ಸಂಜೆಯಾದರೆ ನನ್ನ ಗಲ್ಲಾಪೆಟ್ಟಿಗೆಯ ಮೇಲೆ ಬೀಳುತ್ತದೆ. ಈಗ ನನ್ನ ಮಗಳೇ ಎದುರಂಗಡಿಯ ಮಾಲು ಹಿಡಿದಳು ಎಂದರೆ ನಾನು ಯಾವ ಮುಖ ಹೊತ್ತು ಷಟರ್ ಎತ್ತಲಿ?

ಮೇ ತಿಂಗಳಿನ ಶೂಟಿಂಗ್ ಆಯ್ಕೆ ಹತ್ತಿರ ಬಂತು. ತಂಡಕ್ಕೆ ನಾಲ್ವರು, ನೀನು ಈಗ ಏಳನೆಯವಳು. ಈ ಸಲವೂ ಆಗದಿದ್ದರೆ ತರಬೇತಿ ಕೇಂದ್ರದವರು ನಿನ್ನ ಕೋಣೆ ಖಾಲಿ ಮಾಡಿಸುತ್ತಾರೆ ಎಂಬುದು ನನಗೂ ತಿಳಿದಿದೆ. ಇಂಥ ಹೊತ್ತಿನಲ್ಲಿ ಕೈಯ ಸಾಮಾನು ಬದಲಿಸಬೇಡ. ನೀನು ಹೊರಡುವ ಮುಂಚೆ ಪ್ಲಾಸ್ಟರಿನಲ್ಲಿ ಅಚ್ಚು ತೆಗೆದ ನಿನ್ನ ಬಲಗೈ ನನ್ನ ಶೆಲ್ಫಿನ ಮೇಲೇ ಇದೆ. ಅದನ್ನು ನೋಡಿಕೊಂಡು ಅಕ್ರೋಟ್ ಮರದಲ್ಲಿ ಹೊಸ ಹಿಡಿ ಕೆತ್ತುತ್ತಿದ್ದೇನೆ, ಮೂರನೆಯದು. ನಿನ್ನ ಅಮ್ಮ ಆ ಕೈಯ ಕಿರುಬೆರಳಿಗೆ ಬೀಗದ ಕೈ ಗೊಂಚಲು ನೇತುಹಾಕುತ್ತಾಳೆ. ನಾನು ತೆಗೆದಿಡುತ್ತೇನೆ, ಅವಳು ಮತ್ತೆ ಹಾಕುತ್ತಾಳೆ.

ಹೊರಡುವಾಗ ಹೇಳಿದ್ದು ನೆನಪಿರಲಿ: ಕೈಗೋ ಕಣ್ಣಿಗೋ ಏನಾದರೂ ಆದರೆ ಮಾರನೆಯ ಬಸ್ಸಿಗೇ ಮನೆಗೆ. ಜೋಪಾನ.

ಗಿಡುಗದ ಕಡೆಯವನಾದ
ಅಪ್ಪ


ಜನವರಿ ೨೫

ಅಪ್ಪಾ,

ನಿಮ್ಮ ಕಾಗದದಲ್ಲಿ ಮುಕ್ಕಾಲು ಪಾಲು ಗಿಡುಗದ ವಂಶಾವಳಿ. ನನ್ನ ಕೋಣೆಯ ಜೊತೆಗಾತಿ ಓದಿಸಿಕೊಂಡು ಕೇಳಿದಳು, “ನಿಮ್ಮಪ್ಪ ಪಿಸ್ತೂಲು ಮಾರ್ತಾರೋ, ಗಂಡು ತೋರಿಸ್ತಾರೋ?” ಎರಡಕ್ಕೂ ಅವರು ಬಳಸುವ ಮಾತು ಒಂದೇ ಎಂದೆ.

ಸಿಟ್ಟು ಮಾಡಿಕೊಳ್ಳದೆ ಕೇಳಿ. ನಮ್ಮ ಸ್ಪರ್ಧೆಯಲ್ಲಿ ಎರಡು ಸುತ್ತು. ನಿಧಾನದ ಸುತ್ತಿನಲ್ಲಿ ನನ್ನದೇನೂ ತೊಂದರೆಯಿಲ್ಲ. ಒಂದೊಂದು ಗುಂಡಿಗೂ ಉಸಿರು ಬಿಟ್ಟು, ಹಿಡಿಯನ್ನು ಸರಿಪಡಿಸಿಕೊಂಡು, ಮತ್ತೆ ಎತ್ತಬಹುದು. ವೇಗದ ಸುತ್ತಿನಲ್ಲಿ ಹಲಗೆ ಮೂರು ಸೆಕೆಂಡು ಮುಖ ತೋರಿಸಿ ತಿರುಗಿಕೊಳ್ಳುತ್ತದೆ. ಅಷ್ಟರಲ್ಲಿ ಕೈ ಎತ್ತಿ, ಗುರಿ ಹಿಡಿದು, ಪಿಸ್ತೂಲಿನ ಕುದುರೆ ಒತ್ತಬೇಕು. ಹೀಗೆ ಐದು ಗುಂಡು. ಮುಂದಿನ ಗುಂಡನ್ನು ಪಿಸ್ತೂಲು ತಾನೇ ಎಳೆದುಕೊಳ್ಳುತ್ತದೆ ಸರಿ, ಕೈಯನ್ನು ಸರಿಮಾಡಿಕೊಳ್ಳಲು ನನಗೆ ಸಮಯ ಸಿಗುವುದಿಲ್ಲ. ಮೊದಲೆರಡು ನಡುವಿಗೆ ಬೀಳುತ್ತವೆ. ಮೂರನೆಯದರಿಂದ ಕೆಳಕ್ಕೆ, ಎಡಕ್ಕೆ ಜಾರುತ್ತವೆ. ಪ್ರತಿ ಸಲವೂ ಹಾಗೇ.

ನಮ್ಮ ಕೋಚ್ ಮೇಡಂ ಅಭ್ಯಾಸಕ್ಕೆಂದು ಲಂಗರಿನದೊಂದನ್ನು ಕೊಟ್ಟಿದ್ದಾರೆ. ಅದರ ಒದೆತ ನೇರವಾಗಿ ಅಂಗೈಗೆ ಬರುತ್ತದೆ, ಮೂತಿ ಮೇಲಕ್ಕೆ ಹಾರುವುದಿಲ್ಲ. ಆದರೆ ಅದಕ್ಕಿರುವುದು ಕಾರ್ಖಾನೆಯ ಸಿದ್ಧ ಹಿಡಿ, ಗಡಿಗೆಯ ಕಂಠ ಹಿಡಿದ ಹಾಗಿರುತ್ತದೆ. ಹಾಗಾಗಿ ಅದರಲ್ಲೂ ಅಂಕ ಏರಿಲ್ಲ. ಮೇಡಂ ಹೇಳುವುದು ಒಂದೇ ಮಾತು: “ಎರಡು ದೋಣೀಲಿ ಕಾಲಿಡ್ಬೇಡ. ಯಾವುದಾದ್ರೂ ಒಂದು ಅಂತ ಬೇಗ ಹೇಳು.”

ಈ ವಾರದ ಗುರಿಹಾಳೆಗಳನ್ನು ಜೊತೆಗಿಟ್ಟಿದ್ದೇನೆ. ತೂತುಗಳನ್ನು ನೀವೇ ನೋಡಿ. ತೂತುಗಳಿಗೆ ಏಜೆನ್ಸಿ ಇರುವುದಿಲ್ಲ.

ಯಾವ ಕಡೆಯವಳೂ ಅಲ್ಲದ
ನಿಮ್ಮ ಮಗಳು


ಫೆಬ್ರವರಿ ೭

ಮಗಳೇ,

ನಿನ್ನ ಗುರಿಹಾಳೆಗಳನ್ನು ಅಂಗಡಿಯ ಕಿಟಕಿ ಗಾಜಿಗೆ ಅಂಟಿಸಿದ್ದೇನೆ. ಬೆಳಗಿನ ಬಿಸಿಲು ತೂತುಗಳಲ್ಲಿ ಹಾದು ಎದುರು ಗೋಡೆಯ ಮೇಲೆ ಚುಕ್ಕಿ ಇಡುತ್ತದೆ. ನೀನು ಹೇಳಿದ್ದು ನಿಜ, ಎರಡು ಚುಕ್ಕಿ ಒಟ್ಟಿಗೆ ಕೂತಿವೆ, ಮೂರು ಮೆಟ್ಟಿಲಿಳಿದು ಹೊರಟಿವೆ.

ಹಲ್ಲಿನ ಡಾಕ್ಟರೊಬ್ಬರು ಹೊಸದಾಗಿ ಕ್ಲಬ್ ಸೇರಿದ್ದಾರೆ. ಲೈಸೆನ್ಸ್ ಕಾಗದ ಹಿಡಿದು ಬಂದು “ಯಾವುದು ಒಳ್ಳೇದು?” ಎಂದು ಕೇಳಿದರು. ನಾನು ತಲೆಯೆತ್ತದೆ “ಗಿಡುಗ” ಎಂದೆ.

“ಎದುರಿನವರು ಲಂಗರು ಅಂತಾರಲ್ಲ?”

“ಅವರು ಇನ್ನೇನಂತಾರೆ ಸಾರ್? ನೀವು ಯಾರಿಗಾದ್ರೂ ಹಲ್ಲು ಕೀಳಿಸ್ಕೋಬೇಡಿ ಅಂತ ಹೇಳ್ತೀರಾ?”

“ದಿನಾ ಹೇಳ್ತೀನಿ” ಅಂದರು ಮನುಷ್ಯ, ನಗುತ್ತಾ. “ಬಾಯಿ ತೆರೆಸಿ ನೋಡ್ತೀನಿ, ಬೇಡ ಅನಿಸಿದ್ರೆ ಬೇಡ ಅಂತೀನಿ.” ಹಾಗೆಂದು ನಮಸ್ಕಾರ ಹೇಳಿ ರಸ್ತೆ ದಾಟಿ ಅತ್ತ ಹೋದರು. ಗಿರಾಕಿ ಹೋದದ್ದು ನನಗೆ ಹೊಸದಲ್ಲ. ಮಾತಿನಲ್ಲಿ ಸೋತದ್ದು ಹೊಸದು. ಇಡೀ ಮಧ್ಯಾಹ್ನ ಸರಿಯಾದ ಉತ್ತರ ಹುಡುಕಿದೆ.

ಮೂರನೆಯ ಹಿಡಿ ಮುಗಿಯಿತು. ಮರದ ಎಳೆ ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನವರೆಗೆ ನದಿಯ ಹಾಗೆ ಹರಿದಿದೆ. ನಿನ್ನ ಪ್ಲಾಸ್ಟರ್ ಕೈಗೆ ಕೂರಿಸಿ ನೋಡಿದೆ, ನಡುವೆ ಒಂದು ಹಾಳೆ ತೂರಿಸಲೂ ಸಂದಿಲ್ಲ. ಇದರಲ್ಲೂ ಗುಂಡು ಜಾರಿದರೆ ತಪ್ಪು ಪಿಸ್ತೂಲಿನದಲ್ಲ, ನಿನ್ನ ಮೇಡಂ ತಲೆಯಲ್ಲಿ ತುಂಬಿದ ಲಂಗರಿನದು.

ಹಳೆಯ ಹಿಡಿಯನ್ನು ವಾಪಸ್ಸು ಕಳಿಸು. ಬಳಸಿದ ಮರ ಎಸೆಯಬಾರದು, ಏನಕ್ಕಾದರೂ ಬರುತ್ತದೆ.

ಇನ್ನೂ ಸೋಲೊಪ್ಪದ
ಅಪ್ಪ


ಫೆಬ್ರವರಿ ೨೦

ಅಪ್ಪಾ,

ಹೊಸ ಹಿಡಿ ಎಷ್ಟು ಚೆಂದವಿದೆ ಎಂದರೆ ಹುಡುಗಿಯರು ಸರದಿಯಲ್ಲಿ ಬಂದು ಮುಟ್ಟಿ ಹೋದರು. ಗುಂಡುಗಳು ಮಾತ್ರ ಹಳೆಯ ದಾರಿಯಲ್ಲೇ ಮೆಟ್ಟಿಲಿಳಿಯುತ್ತಿವೆ.

ಹಳೆಯದನ್ನು ಕಳಿಸಿದ್ದೇನೆ. ಇಲ್ಲಿ ಎಲ್ಲ ಕ್ಷೇಮ. ಬೇರೇನೂ ವಿಶೇಷವಿಲ್ಲ. ಮೇಡಂ ಮಾರ್ಚ್ ಕೊನೆಯವರೆಗೆ ಗಡುವು ಕೊಟ್ಟಿದ್ದಾರೆ.

ಅಮ್ಮನಿಗೆ ಹೇಳಿ, ಅವಳು ಕೇಳಿದ್ದು ಹಾಗೇ ಇದೆ ಎಂದು.

ಮಗಳು


ಮಾರ್ಚ್ ೨

ಮಗಳೇ,

ಇದು ಚಿಕ್ಕ ಕಾಗದ. ನಾನು ಚಿಕ್ಕ ಕಾಗದ ಬರೆದರೆ ನೀನು ಹೆದರುತ್ತೀಯ ಎಂದು ಗೊತ್ತು, ಹೆದರಬೇಡ.

ಹೋದ ದೀಪಾವಳಿಗೆ ಕಳಿಸಿದ್ದ ಹಳೆಯ ಹಿಡಿ ವಾಪಸ್ಸು ಕೈಗೆ ಬಂತು. ಕಿಟಕಿಯ ಬೆಳಕಿಗೆ ತಿರುಗಿಸಿ ನೋಡಿದೆ. ಕೈ ಕೂತ ಕಡೆಯೆಲ್ಲ ಮರ ಬೆವರು ಕುಡಿದು ಕಪ್ಪಾಗುತ್ತದೆ, ಹೊಳಪು ಬರುತ್ತದೆ. ಹೆಬ್ಬೆರಳ ಜಾಗ ಹೊಳೆಯುತ್ತಿದೆ. ನಡುಬೆರಳಿನದು ಕನ್ನಡಿ. ಉಂಗುರಬೆರಳಿನದು ಒಂದು ಅಂಚಿನಲ್ಲಿ ಮಾತ್ರ. ಅದರ ಕೆಳಗೆ ಕಿರುಬೆರಳಿಗೆಂದು ನಾನು ಕೊರೆದ ಕಾಲುವೆ ಇದೆಯಲ್ಲ, ಅದು ನನ್ನ ಅಂಗಡಿಯಿಂದ ಹೊರಟಾಗ ಹೇಗಿತ್ತೋ ಹಾಗೇ ಇದೆ. ಅರದ ಗೆರೆಯೂ ಮಾಸಿಲ್ಲ. ಅಲ್ಲಿ ಯಾರೂ ವಾಸವಿದ್ದ ಗುರುತಿಲ್ಲ.

ನಿನ್ನ ಅಕ್ಷರ ಹೋದ ವರ್ಷದಿಂದ ಬಲಕ್ಕೆ ವಾಲುತ್ತಿರುವುದನ್ನೂ ನೋಡಿದ್ದೆ. ಹಾಸ್ಟೆಲಿನ ಮೇಜಿನ ಕಾಲು ಗಿಡ್ಡವಿರಬೇಕು ಎಂದುಕೊಂಡು ಸುಮ್ಮನಾಗಿದ್ದೆ.

ನಿನ್ನ ಅಮ್ಮನನ್ನು ಕರೆದು ಹಿಡಿ ತೋರಿಸಿದೆ. ಅವಳು ಮರ ನೋಡಲಿಲ್ಲ, ನನ್ನ ಮುಖ ನೋಡಿದಳು. “ಅವಳನ್ನೇ ಕೇಳಿ” ಅಂದು ಒಳಗೆ ಹೋದಳು.

ಕೇಳುತ್ತಿದ್ದೇನೆ. ಕಿರುಬೆರಳು ಎಲ್ಲಿ?

ಅಪ್ಪ


ಮಾರ್ಚ್ ೨೧

ಅಪ್ಪಾ,

ಉತ್ತರ ತಡವಾಯಿತು. ಬರೆಯಲು ಕೂತಾಗಲೆಲ್ಲ ನೀವು ಬಸ್ ನಿಲ್ದಾಣದಲ್ಲಿ ಟಿಕೆಟ್ ಹಿಡಿದು ನಿಂತ ಹಾಗೆ ಕಾಣುತ್ತಿತ್ತು.

ಬೆರಳು ಇದೆ. ಎಲ್ಲಿಗೂ ಹೋಗಿಲ್ಲ. ಹಿಂದಿನ ವರ್ಷದ ಮಳೆಗಾಲದಲ್ಲಿ ಪಿಸ್ತೂಲಿಡುವ ಕಬ್ಬಿಣದ ಬೀರುವಿನ ಬಾಗಿಲು ಗಾಳಿಗೆ ಬಡಿದುಕೊಂಡಾಗ ನಡುವೆ ಸಿಕ್ಕಿತು. ಮೂಳೆ ಕೂಡಿದೆ, ಆದರೆ ಗೆಣ್ಣು ಪೂರ್ತಿ ಮಡಚುವುದಿಲ್ಲ. ಲೋಟ ಹಿಡಿಯುತ್ತೇನೆ, ಬಕೆಟ್ ಎತ್ತುತ್ತೇನೆ, ಜಡೆ ಹಾಕಿಕೊಳ್ಳುತ್ತೇನೆ. ಪಿಸ್ತೂಲು ಹಿಡಿದಾಗ ಮಾತ್ರ ಅದೊಂದು ಹೊರಗಡೆ ನಿಂತು ನೋಡುತ್ತದೆ, ಕರೆಯದ ಮದುವೆಯ ಬಾಗಿಲಲ್ಲಿ ನಿಂತವರ ಹಾಗೆ.

ಅಮ್ಮನಿಗೆ ಆಗಲೇ ಹೇಳಿದ್ದೆ. ನಿಮಗೆ ಹೇಳಬೇಡ ಎಂದು ಆಣೆ ಹಾಕಿಸಿಕೊಂಡೆ. ‘ಕೈಗೆ ಏನಾದರೂ ಆದರೆ ಮಾರನೆಯ ಬಸ್ಸಿಗೇ’ ಎಂದು ನೀವು ಹೇಳಿದ್ದಿರಿ. ಹೇಳಿದ್ದನ್ನು ಮಾಡುವವರು ನೀವು. ಲಂಗರನ್ನು ಕೇಳಿದ್ದೂ ಅದಕ್ಕೇ. ಪಿಸ್ತೂಲು ಬದಲಿಸಿದರೆ ಬೆರಳಿನ ಸುದ್ದಿಯೇ ಬರುವುದಿಲ್ಲ ಎಂದುಕೊಂಡೆ. ಒದೆತ ಕಡಿಮೆಯಾದರೆ ಮೂರು ಬೆರಳಿನಲ್ಲೇ ಹೇಗೋ ಆದೀತು ಎಂದು. ಎರಡೂವರೆ ತಿಂಗಳಿಂದ ನಿಮ್ಮ ಜೊತೆ ಮಾರ್ಕಿನ ಜಗಳ ಆಡಿದ್ದು ಬೆರಳಿನ ಮಾತು ಬರದಿರಲಿ ಎಂದು.

ಮೇಡಂಗೆ ಎಲ್ಲ ಗೊತ್ತು. “ನಿಮ್ಮಪ್ಪ ಹಿಡಿ ಕೆತ್ತೋರು ತಾನೇ? ಹೇಳೋಕೇನು ಧಾಡಿ?” ಎಂದು ಬೈದರು. ಅವರಿಗೆ ನೀವು ಗೊತ್ತಿಲ್ಲ.

ಈಗ ನಿಮಗೆ ಗೊತ್ತಾಯಿತು. ಬಸ್ಸಿಗೆ ಬಾ ಎನ್ನುವುದಾದರೆ ಬರುತ್ತೇನೆ. ಆದರೆ ಮೇ ಮುಗಿದ ಮೇಲೆ ಅನ್ನಿ. ಇದೊಂದನ್ನು ಕೇಳುತ್ತೇನೆ.

ಮಗಳು


ಮಾರ್ಚ್ ೨೭

ಮಗಳೇ,

ನಿನ್ನ ಕಾಗದವನ್ನು ಅಂಗಡಿಯಲ್ಲಿ ಓದಿದೆ. ಓದಿ ಶೆಲ್ಫಿನ ಮೇಲಿದ್ದ ಪ್ಲಾಸ್ಟರ್ ಕೈಯನ್ನು ಕೆಳಗಿಳಿಸಿದೆ. ಅದರ ಕಿರುಬೆರಳು ಕೊಕ್ಕೆಯ ಹಾಗೆ ಚೆನ್ನಾಗಿ ಮಡಚಿದೆ, ಅದಕ್ಕೇ ನಿನ್ನ ಅಮ್ಮನಿಗೆ ಗೊಂಚಲು ಹಾಕಲು ಅನುಕೂಲ. ಇಷ್ಟು ದಿನ ಆ ಗೊಂಚಲು ತೆಗೆದು ತೆಗೆದು ಇಟ್ಟೆನೇ ಹೊರತು, ಎಲ್ಲ ಬಿಟ್ಟು ಆ ಬೆರಳಿಗೇ ಯಾಕೆ ಹಾಕುತ್ತಾಳೆ ಎಂದು ಒಂದು ಸಲವೂ ಕೇಳಲಿಲ್ಲ.

ಗೊತ್ತಾಯಿತಲ್ಲ, ನಾನು ಮೂರು ಹಿಡಿ ಕೆತ್ತಿದ್ದು ಮನೆ ಬಿಟ್ಟು ಹೋದ ಒಬ್ಬ ಹುಡುಗಿಯ ಕೈಗೆ. ಆ ಹುಡುಗಿ ಈಗ ಎಲ್ಲೂ ಇಲ್ಲ. ನೀನು ಇದ್ದೀಯ. ನಿನ್ನ ಕೈ ನಾನು ನೋಡಿಯೇ ಇಲ್ಲ.

ಬಸ್ಸಿಗೆ ಬರಬೇಡ. ಮಾತು ವಾಪಸ್ಸು ತೆಗೆದುಕೊಳ್ಳುವುದು ನನ್ನ ಅಂಗಡಿಯಲ್ಲಿ ರೂಢಿಯಿಲ್ಲ, ಇದೊಂದು ಮಾಲು ವಾಪಸ್ಸಾಯಿತು ಎಂದುಕೋ.

ಪ್ಲಾಸ್ಟರ್ ಪುಡಿ, ಅಚ್ಚಿನ ಹಿಟ್ಟು ಕಳಿಸಿದ್ದೇನೆ. ಪಿಸ್ತೂಲು ಹಿಡಿಯುವ ಹಾಗೇ ಕೈಯಿಟ್ಟು ಅಚ್ಚು ತೆಗೆದು ಕಳಿಸು. ಬೆರಳನ್ನು ಬಲವಂತವಾಗಿ ಮಡಚಬೇಡ. ಅದು ಎಲ್ಲಿ ನಿಲ್ಲುತ್ತದೋ ಅಲ್ಲೇ ನಿಲ್ಲಲಿ, ಮರವೇ ಅದರ ಹತ್ತಿರ ಹೋಗುತ್ತದೆ.

ನಿನ್ನ ಮೇಡಂ ಹತ್ತಿರ ಏಪ್ರಿಲ್ ಕೊನೆಯವರೆಗೆ ಗಡುವು ಕೇಳು. ಎರಡು ಹಿಡಿ ಕೆತ್ತುತ್ತೇನೆ. ಒಂದು ಗಿಡುಗಕ್ಕೆ, ಇನ್ನೊಂದು ಲಂಗರಿಗೆ. ಲಂಗರಿನ ಹಿಡಿ ಕೆತ್ತಬೇಕಾದರೆ ಲಂಗರು ಕೈಯಲ್ಲಿರಬೇಕು. ಲಂಗರು ಎಲ್ಲಿದೆ ಎಂದು ನಿನಗೂ ಗೊತ್ತು, ನನಗೂ ಗೊತ್ತು.

ಅಪ್ಪ


ಏಪ್ರಿಲ್ ೨

ಎದುರಂಗಡಿಯ ಮಾಲೀಕರಿಗೆ,

ರಸ್ತೆ ದಾಟಿ ಬರಬಹುದಿತ್ತು. ಎರಡು ಸಲ ಹೊರಟೆ ಕೂಡ. ಒಮ್ಮೆ ಲಾರಿ ಅಡ್ಡ ಬಂತು. ಇನ್ನೊಮ್ಮೆ ಲಾರಿ ಬರಲಿಲ್ಲ, ನಾನೇ ನಿಂತುಬಿಟ್ಟೆ. ಅದಕ್ಕೆ ಅಂಚೆಯಲ್ಲಿ ಬರೆಯುತ್ತಿದ್ದೇನೆ.

ನಿನ್ನ ಅಕ್ಕನ ಮಗಳ ಕಿರುಬೆರಳಿನ ಸಂಗತಿ ನಿನಗೆ ಗೊತ್ತಿರಬಹುದು. ನಿನ್ನ ಅಕ್ಕ ನನಗೆ ಹೇಳದ್ದನ್ನೆಲ್ಲ ನಿನಗೆ ಹೇಳುತ್ತಾಳೆ ಎಂಬುದು ನನಗೂ ತಿಳಿದಿದೆ. ಅವಳಿಗೆ ಲಂಗರಿನ ಪಿಸ್ತೂಲಿಗೆ ಹೊಂದುವ ಹಿಡಿ ಬೇಕು. ಕಾಗದಪತ್ರವಿಲ್ಲದೆ ಪಿಸ್ತೂಲು ನಿನ್ನ ಅಂಗಡಿ ಬಿಟ್ಟು ಹೊರಗೆ ಬರುವಂತಿಲ್ಲ, ಕಾನೂನು ನನಗೂ ಗೊತ್ತು. ಆದ್ದರಿಂದ ನಾನೇ ಒಳಗೆ ಬರಬೇಕಾಗಿದೆ. ನಿನ್ನ ಕಿಟಕಿಯ ಪಕ್ಕದ ಮೇಜು ಕೆಲವು ದಿನದ ಮಟ್ಟಿಗೆ ಬೇಕು.

ಕೊಳ್ಳುತ್ತೇವೆ ಎಂದು ಮಾತು ಕೊಡಲಾರೆ. ಅವಳು ಗಿಡುಗವನ್ನೇ ಆರಿಸಬಹುದು. ಅವಳು ಬುದ್ಧಿವಂತೆಯಾದರೆ ಅದನ್ನೇ ಆರಿಸುತ್ತಾಳೆ.

ಉತ್ತರ ಬೇಗ ಬರೆ.

ನಿನ್ನ ಭಾವ


ಏಪ್ರಿಲ್ ೫

ಭಾವ,

ಅಂಚೆಯವನು ಲಕೋಟೆ ಕೊಟ್ಟು, “ಎದುರಿನೋರೇ ಬರೆದಿದ್ದಾರೆ ಸಾರ್, ಕೂಗಿದ್ರೆ ಕೇಳಿಸ್ತಿತ್ತಲ್ಲ?” ಅಂದ. ಈ ಉತ್ತರವನ್ನೂ ಅವನ ಕೈಯಲ್ಲೇ ಕಳಿಸುತ್ತಿದ್ದೇನೆ. ಅವನಿಗೂ ಸ್ವಲ್ಪ ಮಜಾ ಇರಲಿ.

ನೀವು ಫುಟ್‌ಪಾತಿನ ಅಂಚಿಗೆ ಬಂದು ತಿರುಗಿ ಹೋದದ್ದನ್ನು ಎರಡು ಸಲವೂ ಒಳಗಿನಿಂದ ನೋಡಿದೆ. ಎದ್ದು ಬಂದು ಕರೆಯಬಹುದಿತ್ತು. ನನಗೆ ಯಾವ ಲಾರಿಯೂ ಅಡ್ಡ ಬಂದಿರಲಿಲ್ಲ.

ಮೇಜು ಖಾಲಿ ಮಾಡಿದ್ದೇನೆ. ಉಳಿ ನಿಮ್ಮದೇ ತನ್ನಿ, ನನ್ನವು ಮೊಂಡು ಎಂದು ಮೊದಲಿನಿಂದಲೂ ಬೈಯುತ್ತೀರಿ, ಇನ್ನೂ ಮೊಂಡಾಗೇ ಇವೆ. ಒಂದು ಷರತ್ತು: ಪಾಪುವಿನ ಹೊಸ ಕೈಯಚ್ಚನ್ನು ನನಗೂ ತೋರಿಸಬೇಕು.

ನಿಮ್ಮ ಬಾಮೈದ


ಏಪ್ರಿಲ್ ೧೯

ಮಗಳೇ,

ನಿನ್ನ ಕೈ ಒಡೆಯದೆ ಬಂದು ತಲುಪಿತು. ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು, ಉಳಿಗಳ ಚೀಲ ಹೆಗಲಿಗೆ ಹಾಕಿ, ರಸ್ತೆ ದಾಟಿದೆ. ದರ್ಜಿ ಕೊರಳಲ್ಲಿ ಟೇಪು ನೇತಾಡಿಸಿಕೊಂಡೇ ಹೊರಗೆ ಬಂದ. ಸೈಕಲ್ ಅಂಗಡಿಯವನು ಅರ್ಧ ಗಾಳಿ ಹೊಡೆದ ಟಯರು ಬಿಟ್ಟು ನಿಂತ. ಟಿಕೆಟ್ ಇಟ್ಟಿದ್ದರೆ ಒಳ್ಳೆಯ ಗಳಿಕೆಯಾಗುತ್ತಿತ್ತು.

ನಿನ್ನ ಮಾವನಿಗೆ ತಲೆ ಅರ್ಧ ನೆರೆತಿದೆ. ಇಷ್ಟು ವರ್ಷ ಎದುರಿಗೇ ಕೂತಿದ್ದರೂ ನಾನು ನೋಡಿದ್ದು ಅವನ ಬೋರ್ಡನ್ನು ಮಾತ್ರ. ಅವನು ಪಿಸ್ತೂಲು ಬಿಚ್ಚಿ, ಖಾಲಿಯಿದೆ ಎಂದು ನನಗೂ ತೋರಿಸಿ, ಮೇಜಿನ ಮೇಲಿಟ್ಟ. ನಾನು ಕೈಗೆತ್ತಿಕೊಂಡೆ.

“ಹೇಗಿದೆ ಭಾವ?”

“ಭಾರ.”

“ಗಿಡುಗಕ್ಕಿಂತ ಹಗುರ ಭಾವ ಅದು.”

“ಹಾಗಾದ್ರೆ ಹಗುರ ಜಾಸ್ತಿ ಆಯ್ತು.”

ಅವನು ನಗಲಿಲ್ಲ, ನಾನೂ ನಗಲಿಲ್ಲ. ಆದರೆ ಚಹಾ ತರಿಸುವಾಗ ನನ್ನದಕ್ಕೆ ಸಕ್ಕರೆ ಬೇಡ ಎಂದು ಕೇಳದೆಯೇ ಹೇಳಿದ. ಅದನ್ನು ಅವನ ಖಾತೆಗೆ ಜಮಾ ಮಾಡಿಕೊಂಡೆ.

ಅವನೆದುರು ಹೇಳಲಿಲ್ಲ, ನಿನಗೆ ಹೇಳುತ್ತೇನೆ. ಆ ಪಿಸ್ತೂಲನ್ನು ಮಾಡಿದವನು ಕೆಲಸ ಬಲ್ಲವನು. ನಳಿಗೆ ಕೈಗೆ ಎಷ್ಟು ಹತ್ತಿರ ಕೂತಿದೆ ಎಂದರೆ ಒದೆತಕ್ಕೆ ಮೇಲೆ ಹಾರಲು ಜಾಗವೇ ಇಲ್ಲ. ಇಷ್ಟು ವರ್ಷ ನಾನು ಅದನ್ನು ಬಿಚ್ಚದೆಯೇ ಬೈದಿದ್ದೇನೆ.

ನಿನ್ನ ಹೊಸ ಕೈಯನ್ನು ನಾವಿಬ್ಬರೂ ತುಂಬ ಹೊತ್ತು ತಿರುಗಿಸಿ ತಿರುಗಿಸಿ ನೋಡಿದೆವು. ಅವನು ಕಿರುಬೆರಳನ್ನು ಮುಟ್ಟಿ, “ತುಂಬಾ ನೋವಾಗಿರ್ಬೇಕು ಭಾವ” ಅಂದ. “ಹೂಂ” ಅಂದೆ. ಆಮೇಲೆ ಕೆಲಸದ ಮಾತಿಗೆ ಬಂದೆವು. ಬೆರಳು ಮಡಚುವುದಿಲ್ಲವಾದರೆ ಕಾಲುವೆ ಬೇಡ, ಅದರ ಕೆಳಗೊಂದು ದಿಣ್ಣೆ ಇರಲಿ, ಸುಮ್ಮನೆ ಒರಗಿಕೊಳ್ಳಲಿ ಎಂದು ನಾನು. ದಿಣ್ಣೆ ಓರೆಯಾಗಿರಲಿ, ಇಲ್ಲದಿದ್ದರೆ ಉಂಗುರಬೆರಳಿಗೆ ಒತ್ತುತ್ತದೆ ಎಂದು ಅವನು. ಜಗಳವಾಡಿದೆವು. ಅವನದೇ ಸರಿಯಿತ್ತು. ಹಾಗೆ ಅವನಿಗೆ ಹೇಳಬೇಡ.

ಎರಡೂ ಹಿಡಿ ಇದರ ಜೊತೆಗಿವೆ. ಮಾರ್ಕು ಕಾಣದ ಹಾಗೆ ಎರಡು ಪಿಸ್ತೂಲಿಗೂ ಕಪ್ಪು ಟೇಪು ಹಚ್ಚಿ ಹೊಡೆ ಎಂದು ನಿನ್ನ ಮಾವ ಹೇಳುತ್ತಾನೆ. ನಾನೂ ಒಪ್ಪಿದೆ. ಯಾವುದನ್ನು ಆರಿಸಿದರೂ ಕಾರಣ ನಿನ್ನ ಕೈಯಲ್ಲಿರಲಿ, ನಮ್ಮ ಮುಖದಲ್ಲಿ ಬೇಡ.

ಎದುರಂಗಡಿಯ ಮೇಜಿನಿಂದ
ಅಪ್ಪ


ಮೇ ೨೧

ಅಪ್ಪಾ, ಮಾವ,

ಈ ಕಾಗದ ಒಂದೇ ಇದೆ, ಇಬ್ಬರೂ ಒಟ್ಟಿಗೆ ಓದಬೇಕು. ರಸ್ತೆ ಯಾರು ದಾಟುವುದು ಎಂದು ನೀವೇ ತೀರ್ಮಾನಿಸಿ.

ಟೇಪು ಹಚ್ಚಿದೆವು. ಅಪ್ಪಾ, ಕಣ್ಣು ಮುಚ್ಚಿ ಹಿಡಿದರೂ ಯಾವುದು ಯಾವುದೆಂದು ನನಗೆ ಗೊತ್ತಾಗುತ್ತದೆ. ಹಾಗೆಂದು ಮೇಡಂಗೆ ಹೇಳಿದೆ. “ಟೇಪು ನಿನ್ನ ಕಣ್ಣಿಗಲ್ಲಮ್ಮ, ನಿಮ್ಮ ಮನೆಯೋರ ಮರ್ಯಾದೆಗೆ. ಹಚ್ಚು” ಅಂದರು.

ಮೊದಲು ಗಿಡುಗ. ಹೊಸ ಹಿಡಿಯಲ್ಲಿ ಬೆರಳು ದಿಣ್ಣೆಗೆ ಒರಗಿ ಕೂತಿತು. ಐದೂ ಗುಂಡು ನಡುವಿಗೆ. ಮೇಡಂ ಹಾಳೆಯನ್ನು ತಂದು ನನ್ನ ಎದುರಿಗೆ ಹಿಡಿದರು. ಅಪ್ಪಾ, ತಪ್ಪು ನಿಮ್ಮ ಗಿಡುಗದ್ದಾಗಿರಲಿಲ್ಲ, ಅದನ್ನು ಮೊದಲು ಹೇಳಬೇಕು.

ಆಮೇಲೆ ಲಂಗರು. ಅದರಲ್ಲೂ ಐದು ನಡುವಿಗೇ. ಅಲ್ಲಿಗೆ ಹಳೆಯ ಪ್ರಶ್ನೆ ಮತ್ತೆ ಎದ್ದು ಕೂತಿತು. ಹಾಗಾಗಿ ಇಡೀ ವಾರ ಎರಡನ್ನೂ ಹೊಡೆದೆ. ಬೆಳಗ್ಗೆ ಎರಡೂ ಒಂದೇ. ಮಧ್ಯಾಹ್ನ ದಾಟಿದ ಮೇಲೆ ಗಿಡುಗ ಹಿಡಿದರೆ ಗೆಣ್ಣು ಮಿಡಿಯಲು ಶುರುವಾಗುತ್ತದೆ, ಕೊನೆಯ ಹಾಳೆಗಳಲ್ಲಿ ಒಂದೊಂದು ಗುಂಡು ಮೆಟ್ಟಿಲು ಹುಡುಕುತ್ತದೆ. ಲಂಗರಿನಲ್ಲಿ ಬೆರಳಿಗೆ ಕೆಲಸವೇ ಇಲ್ಲ.

ಅಪ್ಪಾ, ನೀರು ಕುಡಿದು ಮುಂದೆ ಓದಿ. ನಾನು ಲಂಗರು ಆರಿಸಿದೆ.

ಮುಂಚೆಯೇ ತಿಳಿಸಿದ್ದರೆ ನಿಮ್ಮಿಬ್ಬರಲ್ಲಿ ಒಬ್ಬರಿಗೆ ನಿದ್ದೆ ಬರುತ್ತಿರಲಿಲ್ಲ, ಆ ಒಬ್ಬರನ್ನು ನೆನೆಸಿಕೊಂಡು ನನಗೂ ಬರುತ್ತಿರಲಿಲ್ಲ. ಅದಕ್ಕೆ ಆಯ್ಕೆ ಮುಗಿಯುವವರೆಗೆ ಬಾಯಿ ಬಿಡಲಿಲ್ಲ.

ಆಯ್ಕೆ ಮುಗಿಯಿತು. ನಿಧಾನದ ಸುತ್ತಿನಲ್ಲಿ ಐದನೆಯವಳಿದ್ದೆ. ವೇಗದ ಸುತ್ತಿನ ಕೊನೆಯ ಹಲಗೆ ತಿರುಗುವ ಮುಂಚೆ ಕೈ ಕೆಳಗಿಟ್ಟು ನಿಂತಿದ್ದಾಗ ಹಿಡಿಯ ಒಳಗಂಚಿನಲ್ಲಿ, ಯಾರಿಗೂ ಕಾಣದ ಕಡೆ, ಪೂರ್ತಿ ನಯವಾಗದ ಒಂದು ಅರದ ಗೆರೆ ಉಂಗುರಬೆರಳಿಗೆ ತಾಗಿತು. ಅಪ್ಪ ಒಂದು ಗೆರೆಯನ್ನೂ ಬಿಡುವವರಲ್ಲ. ಅದು ಮಾವನ ಕೈಕೆಲಸ ಎಂದು ಗೊತ್ತಾಯಿತು. ನಗು ಬಂತು. ನಗುತ್ತಲೇ ಹೊಡೆದೆ.

ನಾಲ್ಕನೆಯವಳು. ತಂಡದಲ್ಲಿದ್ದೇನೆ. ಕೋಣೆಯೂ ಉಳಿಯಿತು.

ಅಮ್ಮನಿಗೆ ಹೇಳಿ, ಆಣೆ ತೀರಿತು ಎಂದು.

ನಿಮ್ಮಿಬ್ಬರ
ಮಗಳು


ಜೂನ್ ೧

ಮಗಳೇ,

ಕಾಗದ ನನ್ನ ಅಂಗಡಿಗೆ ಬಂತು. ಲಕೋಟೆಯ ಮೇಲೆ ಇಬ್ಬರ ಹೆಸರೂ ಇದ್ದದ್ದು ನೋಡಿ ಎದ್ದೆ. ನಿನ್ನ ಮಾವ ಅಂಚೆಯವನ ಹಿಂದೆಯೇ ಅತ್ತಲಿಂದ ಹೊರಟಿದ್ದ. ರಸ್ತೆಯ ನಡುವೆ ಸಿಕ್ಕಿದೆವು, ಅಲ್ಲೇ ಒಡೆದೆವು. ಲಾರಿಯವನು ಹಾರ್ನ್ ಹೊ‌ಡೆಯುತ್ತಿದ್ದರೂ ‘ನಾಲ್ಕನೆಯವಳು’ ಎನ್ನುವವರೆಗೆ ಓದಿಯೇ ಪಕ್ಕಕ್ಕೆ ಸರಿದದ್ದು. ನಡುವೆ ನೀರು ಕುಡಿಯಲು ಹೇಳಿದ್ದೀಯ, ರಸ್ತೆಯಲ್ಲಿ ಎಲ್ಲಿಂದ ತರಲಿ?

ಲಂಗರು ಎಂಬ ಮಾತು ಬಂದಾಗ ಅವನು ನನ್ನ ಮುಖ ನೋಡಿದ. ಗೆದ್ದವನ ಹಾಗೆ ನೋಡಿದ್ದರೆ ಬೈಯಲು ಸಿದ್ಧನಿದ್ದೆ. ಅವನು ಹಾಗೆ ನೋಡಲಿಲ್ಲ. “ಹಿಡಿ ನಿಮ್ದು ಭಾವ” ಅಂದ. ಅರದ ಗೆರೆಯ ಭಾಗವನ್ನು ಅವನಿಗೆ ಎರಡು ಸಲ ಓದಿ ಹೇಳಿದೆ, ಮೊಂಡು ಅರ ಇಟ್ಟುಕೊಂಡಿದ್ದಕ್ಕೆ ಬೈದೂ ಆಯಿತು.

ನಿನ್ನ ಅಮ್ಮನಿಗೆ ಸುದ್ದಿ ಹೇಳಿದೆ. “ಗೊತ್ತು” ಅಂದಳು. ಹೇಗೆ ಗೊತ್ತು ಎಂದು ಕೇಳಲಿಲ್ಲ. ಈ ಮನೆಯಲ್ಲಿ ನನಗೆ ಸುದ್ದಿ ಕೊನೆಗೆ ಬರುತ್ತದೆ, ಬಂದರೆ ಸಾಕು.

ಹಲ್ಲಿನ ಡಾಕ್ಟರು ಮೊನ್ನೆ ಮತ್ತೆ ಬಂದಿದ್ದರು. ಇನ್ನೂ ಏನೂ ಕೊಂಡಿಲ್ಲವಂತೆ. “ಕೊನೇ ಸಲ ಕೇಳ್ತೀನಿ, ಯಾವುದು ಒಳ್ಳೇದು?” ಅಂದರು. ಬಾಯಿಗೆ ಗಿಡುಗವೇ ಬಂತು, ಅಭ್ಯಾಸ ನೋಡು. ನುಂಗಿಕೊಂಡು, “ಕೈ ಕೊಡಿ ಸಾರ್, ನೋಡೋಣ” ಎಂದೆ. ಅಗಲವಾದ ಅಂಗೈ, ಗಿಡ್ಡ ಬೆರಳು. ಗಿಡುಗ ಹೇಳಿ ಮಾಡಿಸಿದ ಹಾಗೆ ಕೂತಿತು. ಅವರು ಖುಷಿಯಾಗಿ ಕೇಳಿದರು, “ಇದನ್ನ ಆವತ್ತೇ ಮಾಡ್ಬಹುದಿತ್ತಲ್ವಾ?” “ಆವತ್ತು ಕೈ ನೋಡೋದು ಗೊತ್ತಿರ್ಲಿಲ್ಲ ಸಾರ್” ಎಂದೆ. ಮರುದಿನ ಬಂದ ಉದ್ದ ಬೆರಳಿನ ಹುಡುಗಿಯನ್ನು ನಾನೇ ಕರೆದುಕೊಂಡು ರಸ್ತೆ ದಾಟಿಸಿದೆ. ದರ್ಜಿ ಈಗ ಹೊರಗೆ ಬಂದು ನೋಡುವುದಿಲ್ಲ, ಅವನಿಗೆ ಬೇಜಾರಾಗಿದೆ.

ಇನ್ನು ಒಂದು ತಕರಾರು. ನಿನ್ನ ಹೊಸ ಕೈಯಚ್ಚು ಎದುರಂಗಡಿಯ ಶೆಲ್ಫಿನಲ್ಲೇ ಇದೆ. ನಿನ್ನ ಹಿಡಿ ಸವೆದರೆ ಇನ್ನೊಂದು ಕೆತ್ತಬೇಕು, ಕೊಡು ಎಂದರೆ ಕೊಡುವುದಿಲ್ಲ. “ಬಂದು ಇಲ್ಲೇ ಕೆತ್ತಿ” ಅನ್ನುತ್ತಾನೆ. ಹಳೆಯದರಲ್ಲಿ ನಿನ್ನ ಅಮ್ಮನ ಬೀಗದ ಕೈಗಳು ನೇತಾಡುತ್ತಿವೆ, ನಾನು ತೆಗೆಯುವುದನ್ನು ಬಿಟ್ಟಿದ್ದೇನೆ. ಎರಡು ಅಂಗಡಿ, ಒಂದು ಮನೆ, ಇಷ್ಟಕ್ಕೆಲ್ಲ ನಿನ್ನ ಎರಡು ಪ್ಲಾಸ್ಟರ್ ಕೈ ಸಾಲುತ್ತಿಲ್ಲ.

ಸ್ಪರ್ಧೆ ಮುಗಿದ ಮೇಲೆ ರಜೆ ಕೊಡುತ್ತಾರಂತೆ. ಕೈಗೆ ಏನೂ ಆಗದಿದ್ದರೂ ಒಂದು ಬಸ್ಸು ಹತ್ತಿ ಬಾ. ನಿಜವಾದ ಕೈಯನ್ನೇ ತೆಗೆದುಕೊಂಡು ಬಾ, ಒಂದು ಸಲ ನೋಡಬೇಕು.

ರಸ್ತೆಯ ಎರಡೂ ಕಡೆ ಕಾಯುತ್ತಿರುವ
ಅಪ್ಪ